ಹೋಟೆಲಿನಲ್ಲಿ ಕುಳಿತ ಮೈಕು



ರೇಡಿಯೊದಲ್ಲಿ ಯಾರ ಮಾತು ಬರುತ್ತದೆ? ಮಂತ್ರಿಗಳದ್ದು, ಆಟಗಾರರದ್ದು, ನಟರದ್ದು ಅನ್ನುತ್ತೀರಿ, ಅಲ್ಲವೇ?

ಅಮೆರಿಕದ ಷಿಕಾಗೊ ನಗರದಲ್ಲಿ ಐರಾ ಗ್ಲಾಸ್ ಎಂಬವರು 1995ರಲ್ಲಿ ಬೇರೆ ಬಗೆಯ ಕಾರ್ಯಕ್ರಮ ಶುರುಮಾಡಿದರು. ಈಗ ಅದರ ಹೆಸರು ‘ದಿಸ್ ಅಮೆರಿಕನ್ ಲೈಫ್’. ಪ್ರತಿ ಕಂತಿಗೂ ಒಂದು ವಿಷಯ. ಅದಕ್ಕೆ ಹೊಂದುವ ಕಥೆಗಳು. ಅವುಗಳಲ್ಲಿ ಬರುವವರು ಹೆಚ್ಚಾಗಿ ನಮ್ಮ ನಿಮ್ಮಂಥವರೇ.

ನನಗೆ ಬಲು ಇಷ್ಟವಾದದ್ದು 2000ದ ಒಂದು ಕಂತು. ಷಿಕಾಗೊದ ‘ಗೋಲ್ಡನ್ ಆ್ಯಪಲ್’ ಎಂಬ ಹೋಟೆಲಿನಲ್ಲಿ ಅವರ ತಂಡ ಬೆಳಗಿನ ಜಾವ 5ರಿಂದ ಮರುದಿನ 5ರವರೆಗೆ ಮೈಕು ಹಿಡಿದು ಕುಳಿತಿತು. ದಿನವೂ ಬರುವ ಗಿರಾಕಿಗಳು ಮಾತಾಡಿದರು. 20 ವರ್ಷಕ್ಕೂ ಹೆಚ್ಚು ಕಾಲ ರಾತ್ರಿ ಪಾಳಿಯಲ್ಲೇ ತಿಂಡಿ ಬಡಿಸಿದ ಮಹಿಳೆಯೂ ಮಾತಾಡಿದರು. ರಾಜನಿಲ್ಲ, ರಾಕ್ಷಸನಿಲ್ಲ, ಆದರೂ ಕಥೆ!

ನನ್ನ ಅಜ್ಜಿಯ ಫೋಟೊ ನಮ್ಮ ಮನೆಯ ಗೋಡೆಯ ಮೇಲಿದೆ. ಅವಳ ದನಿ ಎಲ್ಲೂ ಇಲ್ಲ.

ನಿಮ್ಮ ಅಜ್ಜ ಅಜ್ಜಿ ಇದ್ದರೆ ಈ ಭಾನುವಾರ ಹತ್ತಿರ ಕುಳಿತುಕೊಳ್ಳಿ. ವಿಷಯ: ‘ನನ್ನ ಮೊದಲ ಸಂಪಾದನೆ’. ಒಪ್ಪಿಗೆ ಕೇಳಿ, ಅಪ್ಪ ಅಮ್ಮನ ಫೋನಿನಲ್ಲಿ ಧ್ವನಿಮುದ್ರಿಸಿ. ನಡುವೆ ಬಾಯಿ ಹಾಕಬೇಡಿ. ಅವರು ಸುಮ್ಮನಾದರೆ, “ಆಮೇಲೆ?” ಅನ್ನಿ. ಅಷ್ಟು ಸಾಕು.