ತಗಡಿಗೆ ಕಾಸು, ತಿಳಿವಳಿಕೆಗೆ ಚೌಕಾಸಿ

ಹಳೆಯ ಕಾರು ಕೊಂಡು ರಜೆಯ ದಿನಗಳಲ್ಲಿ ಅದನ್ನು ಸರಿಮಾಡುತ್ತ ಕೂರುವ ಹುಚ್ಚು ಹಿಡಿದವರು ಪುಣೆಯಲ್ಲಿ ಕಡಿಮೆಯಿಲ್ಲ. ಕೋಥರೂಡ್, ಔಂಧ್ ಕಡೆಯ ಹಳೆಯ ಸೊಸೈಟಿಗಳ ಪಾರ್ಕಿಂಗಿನಲ್ಲಿ ಕವರ್ ಹೊದ್ದು ನಿಂತ ಪ್ರೀಮಿಯರ್ ಪದ್ಮಿನಿಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ನಿಂತೇ ಇರುತ್ತವೆ, ಸ್ಟಾರ್ಟ್ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ಮಾಲೀಕರನ್ನು ಕೇಳಿ ನೋಡಿ. ಅವರು ಕಾರಣ ಹೇಳುವುದಿಲ್ಲ, ಖರೀದಿಯ ಪಟ್ಟಿ ಹೇಳುತ್ತಾರೆ. ಬ್ಯಾಟರಿ ಹೊಸದು, ಪ್ಲಗ್ ಹೊಸದು, ಕಾಯಿಲ್ ಹೊಸದು, ಕಾರ್ಬೊರೇಟರಿಗೆ ಕಿಟ್ ಹಾಕಿಸಿ ಆಯಿತು, ಈಗ ಸೆಲ್ಫ್ ಬಿಚ್ಚಿ ರಿವೈಂಡಿಂಗಿಗೆ ಕೊಟ್ಟಿದೆ.

ನನ್ನ ಜಗಳ ಈ ಪಟ್ಟಿಯ ಜೊತೆ. ಇದನ್ನು ರಿಪೇರಿ ಎನ್ನುವುದಾದರೆ ಲಾಟರಿಯನ್ನು ಉಳಿತಾಯ ಎನ್ನಬಹುದು. ಇದಕ್ಕೆಲ್ಲ ಮೆಕ್ಯಾನಿಕ್ಕುಗಳೇ ಕಾರಣ, ಈಗಿನ ಹುಡುಗರಿಗೆ ಕೆಲಸ ಬರುವುದಿಲ್ಲ ಎಂದು ಗೊಣಗುವುದು ನಮ್ಮ ಮಧ್ಯಮ ವರ್ಗದ ನೆಚ್ಚಿನ ಹವ್ಯಾಸ. ನಾನು ಹಾಗೆ ಹೇಳಲಾರೆ. ಈ ಪಟ್ಟಿಯನ್ನು ಬರೆಸಿದವರು ಕಾರಿನ ಮಾಲೀಕರೇ.

ಪದ್ಮಿನಿಯಂಥ ಕಾರಿಗೆ ಈ ಗತಿ ಬಂದಿರುವುದಂತೂ ನಾಚಿಕೆಗೇಡು. ಮುಂಬೈಯ ಕುರ್ಲಾದಲ್ಲಿ 1960ರ ದಶಕದಲ್ಲಿ ಫಿಯಟ್ 1100 ಆಗಿ ತಯಾರಾಗುತ್ತಿದ್ದ ಗಾಡಿಯೇ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಹೊತ್ತಿತು. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಬಾನೆಟ್ ಎತ್ತಿದರೆ ಇರುವುದೆಲ್ಲ ಕಾಣುತ್ತದೆ, ಮುಚ್ಚಿಟ್ಟದ್ದು ಏನೂ ಇಲ್ಲ. ಇಂಥ ಎಂಜಿನ್ ಸ್ಟಾರ್ಟ್ ಆಗಬೇಕಾದರೆ ಸಾಕಷ್ಟು ವೇಗವಾಗಿ ತಿರುಗಬೇಕು, ಹೊತ್ತಿಗೆ ಸರಿಯಾಗಿ ಕಿಡಿ ಬರಬೇಕು, ಪೆಟ್ರೋಲ್ ಗಾಳಿಯೊಡನೆ ಬೆರೆತು ಬರಬೇಕು, ಸಿಲಿಂಡರಿನಲ್ಲಿ ಒತ್ತಡ ಉಳಿಯಬೇಕು. ತಪ್ಪು ಎಲ್ಲೇ ಇದ್ದರೂ ಈ ನಾಲ್ಕರೊಳಗೇ ಇರುತ್ತದೆ. ಯಾವುದರಲ್ಲಿದೆ ಎಂದು ತಿಳಿಯಲು ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ಒಂದು ಖಾಲಿ ಬಾಟಲಿ ಸಾಕು. ಜೊತೆಗೆ ಒಂದು ಗಂಟೆ ಸಮಾಧಾನ.

ಮೊದಲು ಸೆಲ್ಫ್ ಹೊಡೆದು ಕೇಳಬೇಕು. ಕಿವಿಯೇ ಅರ್ಧ ಕೆಲಸ ಮಾಡುತ್ತದೆ. ಎಂಜಿನ್ ಚುರುಕಾಗಿ ತಿರುಗಿಯೂ ಹಿಡಿಯದಿದ್ದರೆ ಬ್ಯಾಟರಿ, ಸೆಲ್ಫ್ ಎರಡೂ ನಿರಪರಾಧಿಗಳು, ಅವುಗಳ ತಂಟೆಗೆ ಹೋಗಬೇಡಿ. ಆಗ ಕಿಡಿ ನೋಡಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಡೆಲ್ಕೊ ಒಳಗಿನ ಪಾಯಿಂಟಿನ ಮುಖಕ್ಕೆ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬು ಕಟ್ಟಿರುತ್ತದೆ. ಪುಣೆಯ ಮಳೆಗಾಲ ಒಂದು ಸಾಕು, ಕ್ಯಾಪಿನೊಳಗೆ ಪಸೆ ಕೂತುಬಿಡುತ್ತದೆ. ನಯವಾದ ಕಾಗದದಿಂದ ಪಾಯಿಂಟ್ ಉಜ್ಜಿ, ಕ್ಯಾಪ್ ಒರೆಸಿ, 0.4 ಮಿಲಿಮೀಟರ್ ಆಸುಪಾಸಿಗೆ ಗ್ಯಾಪ್ ಇಟ್ಟರೆ ಎಷ್ಟೋ ಸಲ ‘ಸತ್ತ’ ಕಾಯಿಲ್ ಎದ್ದು ಕೂರುತ್ತದೆ. ಕಿಡಿ ಸರಿಯಿದ್ದರೆ ಆಮೇಲೆ ಪೆಟ್ರೋಲ್. ಕಾಯಿಲಿನ ವೈರ್ ತೆಗೆದಿಟ್ಟು, ಕಾರ್ಬೊರೇಟರಿಗೆ ಹೋಗುವ ಪೈಪ್ ಕಳಚಿ ಬಾಟಲಿಗೆ ಹಿಡಿದು ಸೆಲ್ಫ್ ಹೊಡೆದರೆ ಎಸಿ ಪಂಪ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. (ಕಿಡಿಯ ಪರೀಕ್ಷೆಯನ್ನೂ ಇದನ್ನೂ ಒಟ್ಟಿಗೆ ಮಾಡುವ ಶೂರರು ಹತ್ತಿರ ನಿಂತವರ ಬಗ್ಗೆಯಾದರೂ ಯೋಚಿಸಬೇಕು.) ಬಂದ ಪೆಟ್ರೋಲನ್ನು ಮೂಸಿ ನೋಡುವುದೂ ಪರೀಕ್ಷೆಯೇ. ಈಗ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಎಥನಾಲ್ ಗಾಳಿಯ ತೇವ ಹೀರುತ್ತದೆ. ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ನಿಂತರೆ ಹೊಸ ಕಾರ್ಬೊರೇಟರ್ ತಾನೇ ಏನು ಮಾಡೀತು?

ಇದರಲ್ಲಿ ಗುಟ್ಟಿನ ವಿದ್ಯೆ ಏನೂ ಇಲ್ಲ. ಒಂದು ಪ್ರಶ್ನೆಗೆ ಉತ್ತರ ಸಿಗುವ ತನಕ ಇನ್ನೊಂದಕ್ಕೆ ಹೋಗದಿರುವ ಶಿಸ್ತು, ಅಷ್ಟೆ.

ನಮ್ಮ ಸೊಸೈಟಿಯ ಒಂದು ಪದ್ಮಿನಿಯ ಕಥೆ ಹೇಳುತ್ತೇನೆ. ಮಾಲೀಕರು ಧಾರವಾಡದವರು, ಬ್ಯಾಂಕಿನಿಂದ ನಿವೃತ್ತರು. ಸೆಲ್ಫ್ ಹೊಡೆದರೆ ಎಂಜಿನ್ ಮುಲುಗುತ್ತ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಹೆಡ್‌ಲೈಟ್ ಮಾತ್ರ ಜಗ್ಗನೆ ಉರಿಯುತ್ತಿತ್ತು. ಎರಡು ಗ್ಯಾರೇಜುಗಳು ಸರದಿಯಲ್ಲಿ ಬ್ಯಾಟರಿ, ಸೆಲ್ಫ್, ಕಾಯಿಲ್, ಪ್ಲಗ್ ಎಲ್ಲ ಬದಲಿಸಿದವು. ‘ಎಲ್ಲಾ ಹೊಸಾದು ಹಾಕ್ಸೇನ್ರಿ, ಇನ್ನೇನ್ ಉಳದೈತಿ?’ ಎಂದು ಅವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಕೊನೆಗೆ ಬಂದವರು ವಯಸ್ಸಾದ ಒಬ್ಬ ವೈರಿಂಗ್ ಕಾಕಾ. ಅವರು ಏನನ್ನೂ ಬಿಚ್ಚಲಿಲ್ಲ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಮೇಲೆ ಇಟ್ಟು ಸೆಲ್ಫ್ ಹೊಡೆಯಲು ಹೇಳಿದರು. ಅರ್ಧ ವೋಲ್ಟಿನೊಳಗೆ ಇರಬೇಕಾದದ್ದು ಅದನ್ನು ಎಷ್ಟೋ ದಾಟಿತು. ಆಮೇಲೆ ಒಂದು ಜಂಪ್ ಕೇಬಲನ್ನು ಅದೇ ಎರಡು ಜಾಗಗಳ ನಡುವೆ ಸಿಕ್ಕಿಸಿದರು. ಗಾಡಿ ಸ್ಟಾರ್ಟ್ ಆಯಿತು.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಬಾಡಿಗೂ ಎಂಜಿನ್ನಿಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿ ಇರುತ್ತದೆ, ಅದೇ ಅರ್ಥ್. ಅದರ ಬೋಲ್ಟಿನ ಕೆಳಗೆ ತುಕ್ಕು ಕೂತಿತ್ತು. ದೀಪಗಳ ಅರ್ಥ್ ಇರುವುದು ಬಾಡಿಗೆ, ಆದ್ದರಿಂದ ಅವು ಚೆನ್ನಾಗಿ ಉರಿದವು. ಸೆಲ್ಫಿನ ಕರೆಂಟಿಗೆ ಮಾತ್ರ ವಾಪಸ್ ಹೋಗುವ ದಾರಿ ಇರಲಿಲ್ಲ. ಕಾಕಾ ಬೋಲ್ಟ್ ಬಿಚ್ಚಿ, ಉಜ್ಜಿ, ಬಿಗಿದು, ಐದುನೂರು ರೂಪಾಯಿ ಕೇಳಿದರು. ನಮ್ಮ ಧಾರವಾಡದವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ್ದು: ‘ಒಂದ್ ಬೋಲ್ಟ್ ಬಿಗಿ ಮಾಡಾಕ ಐದನೂರು ಕೇಳ್ತಾನ ನೋಡ್ರಿ ಅಂವಾ!’ ಆ ಹೊತ್ತಿಗೆ ಸಾಮಾನಿನ ಬಿಲ್ಲುಗಳೆಲ್ಲ ಸೇರಿ ಹದಿನೈದು ಸಾವಿರ ದಾಟಿದ್ದವು. ಅವನ್ನು ಅವರು ಚಕಾರವೆತ್ತದೆ ಕೊಟ್ಟಿದ್ದರು.

ಇಡೀ ರೋಗ ಇರುವುದು ಇಲ್ಲಿ. ಡಬ್ಬಿಯ ಮೇಲೆ ಎಂಆರ್‌ಪಿ ಅಚ್ಚಾಗಿದ್ದರೆ ನಾವು ತಲೆಬಾಗಿ ಕೊಡುತ್ತೇವೆ. ಮನುಷ್ಯನ ತಲೆಯೊಳಗಿನ ಸಾಮಾನಿಗೆ ಬೆಲೆ ಅಚ್ಚಾಗಿಲ್ಲ, ಹಾಗಾಗಿ ಅದಕ್ಕೆ ಚೌಕಾಸಿ. ‘ಚೆಕ್ ಮಾಡಿದ್ದಕ್ಕೆ ಎಂಥ ದುಡ್ಡು?’ ಎಂದು ಕೇಳದ ಮಾಲೀಕ ಯಾರಿದ್ದಾನೆ? ಗ್ಯಾರೇಜಿನವನು ಮೂರ್ಖನಲ್ಲ. ನಲವತ್ತು ನಿಮಿಷ ಮೀಟರ್ ಹಿಡಿದು ತಪ್ಪು ಕಂಡುಹಿಡಿದರೆ ನೂರು ರೂಪಾಯಿಗೂ ಮುಖ ಸಿಂಡರಿಸುವ ಗಿರಾಕಿ, ನಾನಾ ಪೇಠಿನಿಂದ ಹೊಸ ಸಾಮಾನು ತಂದು ಹಾಕಿದರೆ ಅದರೊಳಗಿನ ಲಾಭವನ್ನೂ ಸೇರಿಸಿ ಕೊಡುತ್ತಾನೆ. ಹೀಗಿರುವಾಗ ಅವನು ಮೀಟರ್ ಯಾಕೆ ಹಿಡಿಯಬೇಕು? ಅವನ ಕೈಕೆಳಗೆ ಕಲಿಯುವ ಹುಡುಗ ಏನು ಕಲಿಯುತ್ತಾನೆ? ಸ್ಪ್ಯಾನರ್ ತಿರುಗಿಸುವುದನ್ನು, ಫೋನ್ ಮಾಡಿ ಸಾಮಾನು ತರಿಸುವುದನ್ನು.

ಸಾಮಾನು ಬದಲಿಸುವುದರಿಂದ ಹಾನಿಯಂತೂ ಇಲ್ಲವಲ್ಲ, ಹಳೆಯದರ ಜಾಗಕ್ಕೆ ಹೊಸದು ಬಂತಲ್ಲ ಎನ್ನುವವರಿದ್ದಾರೆ. ಹಾನಿ ಇದೆ. ಪದ್ಮಿನಿಯ ತಯಾರಿಕೆ ನಿಂತು ಎರಡೂವರೆ ದಶಕವಾಯಿತು. ಮೂವತ್ತು ವರ್ಷ ದುಡಿದ ಅಸಲಿ ಕಾಯಿಲನ್ನು, ಕಂಡೆನ್ಸರನ್ನು ಕಿತ್ತು ಗುಜರಿಗೆ ಹಾಕಿ ಅದರ ಜಾಗಕ್ಕೆ ನಾವು ತರುವುದು ಬಹುಪಾಲು ಡೂಪ್ಲಿಕೇಟ್. ಹೊಸ ಕಂಡೆನ್ಸರ್ ಡಬ್ಬಿಯಿಂದ ತೆಗೆಯುವಾಗಲೇ ಕೆಟ್ಟಿರಬಹುದು. ಮೊದಲು ಒಂದು ತಪ್ಪಿದ್ದ ಗಾಡಿಯಲ್ಲಿ ಈಗ ಎರಡು ತಪ್ಪು. ಹೊಸದು ಎಂಬ ನಂಬಿಕೆಯಿಂದ ಎರಡನೆಯದನ್ನು ಯಾರೂ ಅನುಮಾನಿಸುವುದಿಲ್ಲ. ಮೂರು ಸಾಮಾನನ್ನು ಒಂದೇ ದಿನ ಬದಲಿಸಿ ಗಾಡಿ ಸ್ಟಾರ್ಟ್ ಆದರೂ ಯಾವುದರಿಂದ ಆಯಿತು ಎನ್ನುವುದು ಗೊತ್ತಾಗದೆ ಹೋಗುತ್ತದೆ. ಅರ್ಥ್ ಪಟ್ಟಿ ಕೈ ತಾಗಿ ಕೊಂಚ ಅಲುಗಾಡಿದ್ದರಿಂದ ಸ್ಟಾರ್ಟ್ ಆಗಿದ್ದರೆ, ಮುಂದಿನ ಮಳೆಗಾಲಕ್ಕೆ ಅದೇ ಪೂಜೆ.

ಇದು ಹಳೆಯ ಕಾರಿನ ಗೋಳು, ಈಗಿನ ಕಾರಿಗೆ ಸ್ಕ್ಯಾನರ್ ಹಾಕಿದರೆ ಅದೇ ಹೇಳುತ್ತದೆ ಎಂಬುದು ಇನ್ನೊಂದು ವಾದ. ಸ್ಕ್ಯಾನರ್ ಏನು ಹೇಳುತ್ತದೆ? ಕ್ರ್ಯಾಂಕ್ ಸೆನ್ಸರಿನ ಸರ್ಕಿಟ್ಟಿನಲ್ಲಿ ತೊಂದರೆ ಇದೆ ಎನ್ನುತ್ತದೆ. ಸರ್ಕಿಟ್ ಎಂದರೆ ಸೆನ್ಸರ್, ಅದರ ವೈರ್, ಕನೆಕ್ಟರ್ ಎಲ್ಲವೂ. ಪಾರ್ಕಿಂಗಿನ ಇಲಿ ವೈರ್ ಕಡಿದಿದ್ದರೂ ಅದೇ ಕೋಡ್ ಬರಬಹುದು. ಆದರೆ ಕೋಡ್ ಓದಿದವನು ಸೆನ್ಸರ್ ಬದಲಿಸುತ್ತಾನೆ. ಯಂತ್ರ ಬದಲಾಯಿತು, ಲಾಟರಿ ಬದಲಾಗಲಿಲ್ಲ. ಟಿಕೆಟಿನ ಬೆಲೆ ಮಾತ್ರ ಹೆಚ್ಚಾಯಿತು.

ಇದೆಲ್ಲ ನಡೆಯುತ್ತಿರುವುದು ಎಂಥ ಊರಿನಲ್ಲಿ ನೋಡಿ. ಪಿಂಪ್ರಿಯಲ್ಲಿ ಟಾಟಾ, ಆಕುರ್ಡಿಯಲ್ಲಿ ಬಜಾಜ್, ಕೋಥರೂಡಿನ ಗುಡ್ಡದ ಮೇಲೆ ದೇಶದ ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ. ಖಡಕಿಯಲ್ಲಿ 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್. ಆ ಮನೆತನದ ಉದ್ಯಮದ ಬೇರು ನಮ್ಮ ಬೆಳಗಾವಿಯಲ್ಲಿದೆ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ತೆರೆದದ್ದು ಒಂದು ಸೈಕಲ್ ಅಂಗಡಿ. ಯಂತ್ರದ ಒಳಗೇನು ನಡೆಯುತ್ತದೆ ಎಂದು ಕೇಳುವ ಕುತೂಹಲವಿಲ್ಲದೆ ಆ ಅಂಗಡಿಯಿಂದ ನೇಗಿಲು, ಪಂಪು, ಎಂಜಿನ್ ತನಕ ಬರಲಾಗುತ್ತಿರಲಿಲ್ಲ. ಇಂಥ ಊರಿನಲ್ಲಿ ಹಗಲು ಎಂಜಿನ್ ವಿನ್ಯಾಸ ಮಾಡುವ ಎಂಜಿನಿಯರ್ ಸಂಜೆ ತನ್ನ ಕಾರಿನ ಬಾನೆಟ್ ಮುಂದೆ ನಿಂತು ‘ಬ್ಯಾಟರಿ ಬದಲಿಸಿ ನೋಡೋಣ’ ಎನ್ನುತ್ತಾನೆ.

ಬದಲಿಸಿ ನೋಡುವ ಈ ಬುದ್ಧಿಯೇ ದೊಡ್ಡದಾಗಿ ಬೆಳೆದರೆ ಇಡೀ ಕಾರನ್ನೇ ಕಿತ್ತು ಬಿಸಾಕುತ್ತದೆ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಥೆ 20 ವರ್ಷದ ಮಿತಿಯ ಪ್ರಕಾರ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಹೊಗೆ ಅಳೆಯಲಿ, ಬ್ರೇಕ್ ಪರೀಕ್ಷಿಸಲಿ, ಕೆಟ್ಟ ಗಾಡಿಯನ್ನು ರಸ್ತೆಯಿಂದ ಇಳಿಸಲಿ, ನನ್ನ ತಕರಾರಿಲ್ಲ. ಆದರೆ ಗಾಡಿಯ ಸ್ಥಿತಿ ನೋಡುವುದಕ್ಕಿಂತ ವಯಸ್ಸು ಎಣಿಸುವುದು ಸುಲಭವೆಂದು ಎಣಿಸುವುದಾದರೆ, ಅದೂ ಮೀಟರ್ ಹಿಡಿಯಲು ಒಲ್ಲದವನ ಕೆಲಸವೇ.

ಸರ್ಕಾರವನ್ನು ನಾಳೆ ಕೇಳೋಣ. ಗ್ಯಾರೇಜಿನಲ್ಲಿ ಇವತ್ತೇ ಮಾಡಬಹುದಾದದ್ದು ಇದೆ. ಗಾಡಿ ಬಿಡುವಾಗಲೇ ಹೇಳಿ: ‘ಅಣ್ಣ, ಮೊದಲು ತಪ್ಪು ಎಲ್ಲಿದೆ ಅಂತ ಹುಡುಕಿ. ಹುಡುಕಿದ್ದಕ್ಕೆ ಬೇರೆ ದುಡ್ಡು ಕೊಡುತ್ತೇನೆ, ಸಾಮಾನು ಏನೂ ಬೇಡವಾದರೂ ಕೊಡುತ್ತೇನೆ. ಸಾಮಾನು ಬದಲಿಸಲೇಬೇಕಾದರೆ ಅದು ಕೆಟ್ಟಿದೆ ಅಂತ ನನಗೆ ತೋರಿಸಿ, ಹಳೆಯದನ್ನು ನನ್ನ ಕೈಗೆ ಕೊಡಿ.’ ಮೊದಲ ಸಲ ಅವನು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾನೆ. ಕಾಕಾನಿಗೆ ನಮ್ಮ ಧಾರವಾಡದವರು ಕೊನೆಗೆ ಕೊಟ್ಟದ್ದು ಮುನ್ನೂರು. ಅವರು ಎಣಿಸದೆ ಜೇಬಿಗೆ ಹಾಕಿಕೊಂಡು ಹೋದರು. ಆಮೇಲೆ ಎರಡು ಸಲ ಕರೆದರೂ ಬರಲಿಲ್ಲ.