ಕ್ರಿಸ್‌ಮಸ್‌ ಕನ್ನಡದ ಹಬ್ಬ ಅಲ್ಲೇನು?

ನವೆಂಬರ್ 30ಕ್ಕೆ ನಮ್ಮ ಕ್ಯಾಂಪಸ್ಸಿನ ಕನ್ನಡ ಹಬ್ಬ ಮುಗಿಯುತ್ತದೆ. ಹಳದಿ-ಕೆಂಪು ಬಾವುಟ ಮಡಚಿ ಕಪಾಟಿಗೆ ಹಾಕ್ತೀವಿ, ಬ್ಯಾನರ್ ಇಳಿಸ್ತೀವಿ, ಇಂಟರ್ನಲ್ಸು, ಲ್ಯಾಬ್ ರೆಕಾರ್ಡು, ವೈವಾ ಅಂತ ಎಲ್ಲರೂ ತಲೆ ತಗ್ಗಿಸಿ ಕೂಡ್ತೀವಿ. ಸರಿಯಾಗಿ ಅದೇ ಹೊತ್ತಿಗೆ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಚರ್ಚುಗಳಲ್ಲಿ ಕನ್ನಡ ಹಾಡಿನ ಪ್ರಾಕ್ಟೀಸ್ ಶುರುವಾಗುತ್ತದೆ. ಡಿಸೆಂಬರ್ 25ರ ಹಿಂದಿನ ನಾಲ್ಕು ರವಿವಾರಗಳಿಗೆ ಆಗಮನಕಾಲ ಅಂತಾರೆ. ಮೊದಲ ರವಿವಾರ ಪ್ರತಿ ವರ್ಷ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. ಅಂದರೆ ನಾವು ಕನ್ನಡ ಮುಗಿಸುವ ವಾರ ಅವರು ಕನ್ನಡ ಶುರು ಮಾಡುತ್ತಾರೆ.

ನಮ್ಮ ಮಾತು ಇಷ್ಟೇ: ಕನ್ನಡ ಸಂಘದ ವರ್ಷದ ಪಟ್ಟಿಯಲ್ಲಿ ಕ್ರಿಸ್‌ಮಸ್‌ ಇರಬೇಕು. ಯಾರಿಗೋ ಉಪಕಾರ ಮಾಡ್ತೀವಿ ಅಂತ ಇದನ್ನ ಹೇಳ್ತಿಲ್ಲ. ಕನ್ನಡ ಎಲ್ಲೆಲ್ಲಿ ಜೀವಂತ ಅದೆ ಅನ್ನೋ ಲೆಕ್ಕ ಹಾಕಿದರೆ ಈ ಹಬ್ಬ ತಾನೇ ಬಂದು ಪಟ್ಟಿಯಲ್ಲಿ ಕೂಡುತ್ತದೆ.

ಈಗ ಕಾಲೇಜುಗಳಲ್ಲಿ ಕ್ರಿಸ್‌ಮಸ್‌ ಹೇಗಿರುತ್ತದೆ ನೋಡಿ. ಪ್ಲಾಸ್ಟಿಕ್ ಮರ, ಕೆಂಪು ಟೋಪಿ, ಒಂದು ಕೇಕು, ಸ್ಪೀಕರಿನಲ್ಲಿ ಜಿಂಗಲ್ ಬೆಲ್ಸ್, ಹತ್ತು ನಿಮಿಷ ಸೆಲ್ಫಿ. ಆ ಹಾಡನ್ನ ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ ಎಂಬಾತ ಪ್ರಕಟಿಸಿದ್ದು 1857ರಲ್ಲಿ. ಅದರಲ್ಲಿ ಯೇಸುವಿನ ಹೆಸರಿಲ್ಲ, ಕ್ರಿಸ್‌ಮಸ್‌ ಅನ್ನೋ ಪದ ಸಹ ಇಲ್ಲ. ಹಿಮದ ಮೇಲೆ ಕುದುರೆ ಎಳೆಯುವ ಗಾಡಿಯಲ್ಲಿ ಮಜಾ ಮಾಡುವ ಹಾಡು ಅದು. ಮಜಾ ಮಾಡೋದು ತಪ್ಪೇನಲ್ಲ. ಆದರೆ ಅದೊಂದನ್ನೇ ನೋಡಿದವರ ತಲೆಯಲ್ಲಿ ಕ್ರಿಸ್‌ಮಸ್‌ ಅಂದ್ರೆ ಇಂಗ್ಲಿಷಿನವರ ಹಬ್ಬ ಅಂತ ಕೂತುಬಿಡುತ್ತದೆ. ಅಲ್ಲಿಂದ ಮುಂದಿನ ಪ್ರಶ್ನೆಗಳು ಹಾಸ್ಟೆಲಿನಲ್ಲಿ ಹುಟ್ಟುತ್ತವೆ. "ನೀ ಗೋವಾದವನೇನೋ?" "ಮನ್ಯಾಗ ಇಂಗ್ಲಿಷ್ ಮಾತಾಡ್ತೀರೇನು?" ಹಿಂಗೆ ಕೇಳಿಸಿಕೊಳ್ಳುವವನ ಅಜ್ಜ ಶಹಾಬಾದಿನ ಖಣಿಯಲ್ಲಿ ಫರ್ಸಿ ಒಡೆದವನಿರಬಹುದು, ಅವ್ವ ತೊಗರಿ ಹೊಲದಲ್ಲಿ ಕೂಲಿ ಮಾಡುವಾಕೆ ಇರಬಹುದು. ಮನೆಯಲ್ಲಿ ನಮ್ಮೆಲ್ಲರ ಹಂಗೇ "ಉಂಡೇನಪಾ?" ಅಂತಲೇ ಕೇಳ್ತಾರೆ.

ಶಹಾಬಾದ ಅಂದರೆ ನಮಗೆಲ್ಲ ಕಲ್ಲು ಗೊತ್ತು. ನಮ್ಮ ಎಷ್ಟೋ ಮನೆಗಳ ನೆಲದಲ್ಲಿ, ಅಡುಗೆಕಟ್ಟೆಯಲ್ಲಿ ಇರುವ ಸುಣ್ಣದ ಕಲ್ಲಿನ ಹಾಸು ಈ ಊರಿನ ಹೆಸರು ಹೊತ್ತುಕೊಂಡಿದೆ. ಅದೇ ಸುಣ್ಣದ ಕಲ್ಲು ಈ ಭಾಗಕ್ಕೆ ಸಿಮೆಂಟ್ ಫ್ಯಾಕ್ಟರಿಗಳನ್ನ ತಂದಿತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಅದರಲ್ಲಿ ಶಹಾಬಾದಿನ ಕಂಪನಿಯೂ ಒಂದು. ಅದಕ್ಕೂ ಮೊದಲು ರೈಲು ಬಂದಿತ್ತು. ಮುಂಬೈ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಖಣಿ, ಫ್ಯಾಕ್ಟರಿ, ರೈಲು ಕೂಡಿದ ಜಾಗಕ್ಕೆ ನಾಲ್ಕು ಕಡೆಯ ಜನ ಬಂದರು. ಹಂಗಾಗಿ ಇಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ ಒಂದೇ ಓಣಿಯಲ್ಲಿ ಕೇಳಿಸುತ್ತವೆ.

ಈ ಸೀಮೆಗೆ ಚರ್ಚು ಬಂದದ್ದೂ ಅದೇ ಕಾಲದಲ್ಲಿ. ವಿಲಿಯಂ ಟೇಲರ್ ಎಂಬ ಅಮೆರಿಕದ ಮೆಥೋಡಿಸ್ಟ್ ಬೋಧಕ 1870ರ ದಶಕದಲ್ಲಿ ಮುಂಬೈ ಮತ್ತು ದಕ್ಷಿಣದ ಊರುಗಳಲ್ಲಿ ಕಟ್ಟಿದ ಮೊದಲ ಸಭೆಗಳು ಇಂಗ್ಲಿಷ್ ಮಾತಾಡುವವರವು, ರೈಲ್ವೆ ನೌಕರರೂ ಅವುಗಳಲ್ಲಿ ಇದ್ದರು. ಅಲ್ಲೇ ನಿಂತಿದ್ದರೆ ಕ್ರಿಸ್‌ಮಸ್‌ ನಿಜವಾಗಿಯೂ ಇಂಗ್ಲಿಷ್ ಹಬ್ಬವಾಗಿಯೇ ಉಳಿಯುತ್ತಿತ್ತು. ಆದರೆ ಆ ಶತಮಾನ ಮುಗಿಯುವ ಹೊತ್ತಿಗೆ ಮೆಥೋಡಿಸ್ಟ್ ಮಿಷನರಿಗಳು ಕಲಬುರಗಿ, ಬೀದರ್, ರಾಯಚೂರು ಸೀಮೆಯ ಹಳ್ಳಿಗಳಿಗೆ ಇಳಿದರು. ಅವರ ಮಾತು ಕೇಳಲು ಬಂದವರಲ್ಲಿ ಬಹುಪಾಲು ದಲಿತ ಕೇರಿಗಳ ಕನ್ನಡದವರು. ಅಲ್ಲಿಂದ ಸಭೆಯ ಭಾಷೆ ಕನ್ನಡವೇ ಆಯಿತು.

ಅದು ಎಂಥ ಕಾಲ ಅಂತ ನೆನಪಿರಲಿ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಆಡಳಿತದಲ್ಲಿದ್ದೆವು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಕನ್ನಡದಲ್ಲಿ ಓದಿ ಬರೆಯಲು ಮೇಲ್ಜಾತಿಯವರಿಗೇ ಅನುಕೂಲ ಕಡಿಮೆ ಇದ್ದ ಆ ದಿನಗಳಲ್ಲಿ, ಶಾಲೆಯ ಹೊಸ್ತಿಲು ದಾಟಲು ಬಿಡದ ಕೇರಿಯವರು ವಾರಕ್ಕೊಮ್ಮೆ ಕೂಡಿ ಕನ್ನಡ ಪುಸ್ತಕ ತೆರೆದು ಓದುತ್ತಿದ್ದರು, ಕೇಳುತ್ತಿದ್ದರು, ಹಾಡುತ್ತಿದ್ದರು. ಸೆಪ್ಟೆಂಬರ್ 17ಕ್ಕೂ ನವೆಂಬರ್ 1ಕ್ಕೂ ಭಾಷಣ ಮಾಡುವ ನಾವು ಇವರನ್ನ ಕನ್ನಡ ಉಳಿಸಿದವರ ಸಾಲಿನಲ್ಲಿ ಒಮ್ಮೆಯೂ ಹೆಸರಿಸೋದಿಲ್ಲ. ಯಾಕೆ?

ಕ್ರೈಸ್ತರು ಕನ್ನಡಕ್ಕೆ ಕೊಟ್ಟದ್ದೇನು ಅಂದರೆ ಕ್ವಿಜ್ ಟೀಮಿನವರು ಥಟ್ ಅಂತ ಹೇಳ್ತಾರೆ: ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ಮಂಗಳೂರ ಸಮಾಚಾರ, ಕಿಟ್ಟೆಲ್ 1894ರಲ್ಲಿ ಕೊಟ್ಟ ನಿಘಂಟು. ಎರಡೂ ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಹೊರಗಿನಿಂದ ಬಂದ ಇಬ್ಬರು ಪಂಡಿತರ ಹೆಸರು ಹೇಳಿ ಅಲ್ಲಿಗೇ ನಿಂತರೆ, ಇಲ್ಲೇ ಹುಟ್ಟಿ ಇಲ್ಲೇ ಹಾಡಿಕೊಂಡು ಬಂದ ಸಾವಿರಾರು ಕನ್ನಡಿಗರು ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ಆ ಜನ ಆಗಮನಕಾಲವನ್ನ ಹೇಗೆ ಕಳೆಯುತ್ತಾರೆ? ಮೊದಲ ವಾರದಿಂದಲೇ ಕೆಲಸ ಹಂಚಿಕೆ. ಚರ್ಚಿಗೆ, ಮನೆಗಳಿಗೆ ಸುಣ್ಣ-ಬಣ್ಣ. ನಕ್ಷತ್ರ ಕಟ್ಟಲು ಬಿದಿರ ಕಡ್ಡಿ, ಬಣ್ಣದ ಹಾಳೆ. ಸಂಡೇ ಸ್ಕೂಲಿನ ಮಕ್ಕಳಿಗೆ ನಾಟಕ. ಕುರುಬ ಯಾರು, ದೇವದೂತ ಯಾರು ಅನ್ನೋ ಜಗಳ ಮುಗಿಯೋದ್ರೊಳಗೆ ಎರಡನೆಯ ರವಿವಾರ ಬಂದಿರುತ್ತದೆ. ಆಮೇಲೆ ರಾತ್ರಿ ಹೊತ್ತು ಕ್ಯಾರೋಲ್ಸ್ ಗುಂಪು ಮನೆಮನೆಗೆ ಹೊರಡುತ್ತದೆ. ಡೋಲಕ್, ತಾಳ, ಹಾರ್ಮೋನಿಯಂ, ಈಗೀಗ ಕೀಬೋರ್ಡು. ಒಂದು ಮನೆಯಲ್ಲಿ ಎರಡು ಹಾಡು, ಸಣ್ಣ ಪ್ರಾರ್ಥನೆ, ಚಹಾ, ಚುರುಮುರಿ, ಮುಂದಿನ ಮನೆ. ಮಂದಿ ಕೈಲಾದಷ್ಟು ಕೊಟ್ಟ ದುಡ್ಡು ಹಬ್ಬದ ಖರ್ಚಿಗೆ ಸೇರುತ್ತದೆ. ಫ್ಯಾಕ್ಟರಿ ಊರಿನಲ್ಲಿ ಒಬ್ಬನಿಗೆ ಬೆಳಗಿನ ಶಿಫ್ಟ್, ಇನ್ನೊಬ್ಬನಿಗೆ ರಾತ್ರಿ ಶಿಫ್ಟ್. ಹೊಲದ ಕಡೆ ತೊಗರಿ ಕೊಯ್ಲು, ರಾಶಿ. ಇವೆಲ್ಲದರ ನಡುವೆ ಇಷ್ಟು ಮಂದಿ ಒಂದೇ ಹೊತ್ತಿಗೆ ಒಂದೇ ಶ್ರುತಿಯಲ್ಲಿ ಹಾಡೋದು ಸುಲಭದ ಕೆಲಸ ಅಲ್ಲ. ಫೆಸ್ಟ್ ಮಾಡಿಸಿದವರಿಗೆ ಇದರ ಕಷ್ಟ ಬೇಗ ತಿಳಿಯುತ್ತದೆ. ನಮಗೆ ಸ್ಪಾನ್ಸರ್ ಇರ್ತಾರೆ, ಓಡಿ ಸಿಗ್ತದೆ. ಅಲ್ಲಿ ಎರಡೂ ಇಲ್ಲ.

ಕೆಲಸಕ್ಕೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋದವರು ಈ ದಿನಗಳಲ್ಲಿ ಊರಿಗೆ ಬರುತ್ತಾರೆ. ಕರಾವಳಿಯಲ್ಲಿ ಕುಸ್ವಾರ್ ಇದ್ದ ಹಾಗೆ ಇಲ್ಲಿ ಕರ್ಚಿಕಾಯಿ, ಶಂಕರಪಾಳೆ, ಚಕ್ಕುಲಿ ಡಬ್ಬಿ ತುಂಬುತ್ತವೆ. ಹಬ್ಬದಂದು ಆರಾಧನೆ ಮುಗಿದ ಮೇಲೆ ಅನೇಕ ಸಭೆಗಳಲ್ಲಿ ಪ್ರೀತಿಭೋಜನ ಇರುತ್ತದೆ. ಸಾಲಾಗಿ ಕೂತು ಒಂದೇ ಊಟ. ತಲೆಮಾರುಗಳ ಕಾಲ ಪಂಕ್ತಿಯ ಹೊರಗೆ ಕೂಡಿಸಲ್ಪಟ್ಟವರಿಗೆ ಈ ಸಾಲು ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸಂಗತಿ ಮೆಕ್ಯಾನಿಕಲ್ ಬ್ರಾಂಚಿನವರಿಗೆ ಹಿಡಿಸೀತು. ಆಗಮನಕಾಲದಲ್ಲಿ ಕೆಲವು ಚರ್ಚುಗಳಲ್ಲಿ ವಾರಕ್ಕೊಂದರಂತೆ ಮೇಣದಬತ್ತಿ ಹಚ್ಚುವ ಪದ್ಧತಿ ಇದೆಯಲ್ಲ, ಅದರ ಮೂಲ ಜರ್ಮನಿಯ ಹ್ಯಾಂಬರ್ಗ್. 1839ರಲ್ಲಿ ಯೋಹಾನ್ ವಿಚೆರ್ನ್ ಎಂಬ ಪಾದ್ರಿ ಅಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದರು. ಹಬ್ಬ ಎಂದು ಬರ್ತದೆ ಅಂತ ಮಕ್ಕಳಿಗೆ ದಿನ ಎಣಿಸಲು ಅವರು ಗಾಡಿಯ ಹಳೆಯ ಗಾಲಿಯ ಮೇಲೆ ಮೇಣದಬತ್ತಿ ಜೋಡಿಸಿದರು: ವಾರದ ದಿನಗಳಿಗೆ ಚಿಕ್ಕವು, ರವಿವಾರಗಳಿಗೆ ನಾಲ್ಕು ದೊಡ್ಡವು. ಕೈಗೆ ಸಿಕ್ಕ ಗಾಲಿಯಿಂದ ಮಾಡಿದ ಕೌಂಟ್‌ಡೌನ್ ಅದು. ಬಂಡಿ ಗಾಲಿ ನಮ್ಮ ಕಡೆಯವರಿಗೆ ಹೊಸದೇನು?

ಹಾಗೆಯೇ 'ಗೋದಲಿ'. ಯೇಸು ಕೂಸನ್ನ ಮಲಗಿಸಿದ ಜಾಗಕ್ಕೆ ಕನ್ನಡ ಬೈಬಲಿನವರು, ಚರ್ಚಿನವರು ಬಳಸುವ ಪದ ಅದು. ನಮ್ಮ ಹಳ್ಳಿಗಳಲ್ಲಿ ಅದೇ 'ಗ್ವಾದಲಿ', ಎತ್ತುಗಳಿಗೆ ಮೇವು ಹಾಕುವ ಜಾಗ. ಹಿಮ, ಕುದುರೆಗಾಡಿ ನಾವು ಸಿನಿಮಾದಲ್ಲಿ ನೋಡಿದ್ದು. ಗ್ವಾದಲಿ ನಮ್ಮ ಅಜ್ಜನ ಮನೆಯಲ್ಲಿ ಮುಟ್ಟಿ ನೋಡಿದ್ದು. ಒಂದು ಭಾಷೆ ಒಂದು ಕಥೆಯನ್ನ ತನ್ನದು ಮಾಡಿಕೊಳ್ಳೋದು ಅಂದ್ರೆ ಇದೇ.

ಈಗ ಆಕ್ಷೇಪಗಳು. ಮೊದಲನೆಯದು: "ಕನ್ನಡ ಸಂಘಕ್ಕೆ ಭಾಷೆ ಸಾಕು, ಧರ್ಮ ಯಾಕೆ?" ಒಳ್ಳೆಯ ಪ್ರಶ್ನೆ. ಆದರೆ ವಚನ, ಕೀರ್ತನೆ, ಕಡಕೋಳ ಮಡಿವಾಳಪ್ಪನವರ ತತ್ವಪದ, ಮೊಹರಂ ಹಬ್ಬದ ರಿವಾಯತ್ ಪದ ಎಲ್ಲವೂ ಧರ್ಮದ ಅಂಗಳದಿಂದಲೇ ಕನ್ನಡಕ್ಕೆ ಬಂದವು. ಧರ್ಮದ ವಾಸನೆ ಇರುವುದನ್ನೆಲ್ಲ ತೆಗೆದರೆ ನಮ್ಮ ಸಿಲಬಸ್ಸಿನ ಕನ್ನಡ ಪುಸ್ತಕದಲ್ಲಿ ಎಷ್ಟು ಪುಟ ಉಳಿದಾವು? ಉಳಿದೆಲ್ಲವನ್ನ ಸಂಸ್ಕೃತಿ ಅಂತ ಕರೆದು, ಚರ್ಚಿನ ಹಾಡನ್ನ ಮಾತ್ರ ಧರ್ಮ ಅಂತ ಬದಿಗಿಡೋದು ನ್ಯಾಯ ಅಲ್ಲ.

ಎರಡನೆಯದು: "ಅವರೇ ಈಗ ಇಂಗ್ಲಿಷ್, ತೆಲುಗು, ಹಿಂದಿ ಹಾಡು ಹಾಡ್ತಾರಲ್ಲ?" ಹೌದು, ಹಾಡ್ತಾರೆ. ಗಡಿಯ ಊರು, ಎಲ್ಲರ ಕೈಯಲ್ಲೂ ಯೂಟ್ಯೂಬು. ನಮ್ಮ ಮದುವೆಗಳಲ್ಲೂ ಹಿಂದಿ ಹಾಡಿಗೆ ಕುಣೀತಾರೆ, ಅದಕ್ಕಂತ ಅದು ಕನ್ನಡದ ಮನೆ ಅಲ್ಲ ಅಂತೀವೇನು? ಹೊಸ ತಲೆಮಾರು ಕನ್ನಡ ಹಾಡಿನಿಂದ ದೂರ ಹೋಗ್ತಿದ್ದರೆ ಕನ್ನಡ ಸಂಘದ ಕೆಲಸ ಅಲ್ಲೇ ಇರೋದು.

ಮೂರನೆಯದನ್ನ ಯಾರೂ ಜೋರಾಗಿ ಹೇಳೋದಿಲ್ಲ, ಪಿಸುಗುಡ್ತಾರೆ: "ಮತಾಂತರ ಅಂತ ಯಾರಾದ್ರೂ ಗಲಾಟೆ ಮಾಡಿದರೆ?" ಹಾಡು ಕೇಳಲು ಹೋದವರು ಹಾಡು ಕೇಳಿ ಬರ್ತಾರೆ. ಬಂದೇ ನವಾಜರ ಉರುಸಿಗೂ ಶರಣಬಸವೇಶ್ವರರ ಜಾತ್ರೆಗೂ ನಾವು ಹೀಗೇ ಹೋಗಿ ಬರ್ತೀವಿ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿನ ದೊರೆ ನೃಪತುಂಗನ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಬೇರೆಯವರ ವಿಚಾರವನ್ನೂ ಧರ್ಮವನ್ನೂ ಸೈರಿಸುವ ಶಕ್ತಿಯೇ ನಿಜವಾದ ಬಂಗಾರ ಅಂತ ಹೇಳುತ್ತದೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಈ ಮಾತು ಹೇಳಿದ ಮೇಲೆ, ಅದೇ ಸೀಮೆಯ ನಾವು ಒಂದು ಚರ್ಚಿಗೆ ಹೋಗಲು ಹೆದರಬೇಕೇನು?

ಹಂಗಂತ ಇದನ್ನ ಹೇಗಾದರೂ ಮಾಡಿದರೆ ಆಗದು. ಕ್ರೈಸ್ತ ಸಹಪಾಠಿಯನ್ನ ಹುಡುಕಿ ಹಿಡಿದು, ಸ್ಟೇಜ್ ಹತ್ತಿಸಿ, "ನಿಮ್ಮ ಹಬ್ಬದ ಬಗ್ಗೆ ಹೇಳು" ಅನ್ನೋದು ಬೇಡ. ಸಂವಿಧಾನದ 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರನ್ನು ಬಿಟ್ಟು ಬೇರೆ ಧರ್ಮದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ಸೀಟು, ಸ್ಕಾಲರ್‌ಶಿಪ್, ಹಾಸ್ಟೆಲ್ ಎಲ್ಲ ಇದರ ಜೊತೆ ತಳುಕು ಹಾಕಿಕೊಂಡಿವೆ. ಆದ್ದರಿಂದ "ನಿಂದು ಯಾವ ಧರ್ಮ?" ಅನ್ನೋದು ಎಲ್ಲರಿಗೂ ಸಲೀಸಾಗಿ ಉತ್ತರಿಸುವ ಪ್ರಶ್ನೆ ಅಲ್ಲ. ಹೇಳೋದು ಬಿಡೋದು ಅವರವರ ಇಷ್ಟ. ಸಂಘ ಮಾತಾಡಬೇಕಾದ್ದು ಸಭೆಯ ಜೊತೆ, ಸಭಾಪಾಲಕರ ಜೊತೆ.

ಅದಕ್ಕೆ ಈ ಡಿಸೆಂಬರಿಗೆ ಮೂರು ಕೆಲಸ ಸೂಚಿಸ್ತೀವಿ.

ಒಂದು, ಆಗಮನಕಾಲದ ಒಂದು ರವಿವಾರ ಶಹಾಬಾದ ಕಡೆಯ ಒಂದು ಸಭೆಯ ಒಪ್ಪಿಗೆ ಕೇಳಿ, ಸಂಘದಿಂದ ಹತ್ತು-ಹನ್ನೆರಡು ಮಂದಿ ಹೋಗೋಣ. ಅತಿಥಿಗಳಾಗಿ ಹಿಂದಿನ ಸಾಲಿನಲ್ಲಿ ಕೂತು ಕೇಳೋಣ. ಭಾಷಣ, ಶಾಲು, ಮೆಮೆಂಟೊ ಯಾವುದೂ ಬೇಡ.

ಎರಡು, ಹಿರಿಯ ಹಾಡುಗಾರರ ಹತ್ತಿರ ಕೈಬರಹದ ಹಾಡಿನ ವಹಿಗಳಿದ್ದರೆ, ಅವರು ಒಪ್ಪಿದರೆ, ಸ್ಕ್ಯಾನ್ ಮಾಡಿ ಯೂನಿಕೋಡಿನಲ್ಲಿ ಟೈಪ್ ಮಾಡಿ ಕೊಡೋಣ. ಹಳೆಯ ನುಡಿ, ಬರಹ ಫಾಂಟಿನ ಫೈಲುಗಳಿದ್ದರೆ ಪರಿವರ್ತಿಸಿ ಕೊಡೋಣ. ಧಾಟಿಯನ್ನ ರೆಕಾರ್ಡ್ ಮಾಡಿಕೊಳ್ಳೋಣ. ಪದ ಪುಸ್ತಕದಲ್ಲಿ ಉಳಿದೀತು, ಧಾಟಿ ಹಾಡುವವರ ಜೊತೆಗೇ ಹೋಗುತ್ತದೆ. ಪ್ರತಿ ಮೊದಲು ಸಭೆಗೆ, ಆಮೇಲೆ ಅವರು ಅನುಮತಿ ಕೊಟ್ಟಷ್ಟು ಮಾತ್ರ ನಮಗೆ. ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಗೆಳೆಯರು ಕೂಡಿದರೆ ನಾಲ್ಕು ವಾರಾಂತ್ಯದ ಕೆಲಸ.

ಮೂರು, ಕ್ಯಾಂಪಸ್ಸಿನಲ್ಲಿ ಕೇಕ್ ಕತ್ತರಿಸುವ ದಿನ ಒಂದಾದರೂ ಕನ್ನಡ ಹಾಡು ಇರಲಿ. ಹಾಡುವ ಮನಸ್ಸಿರುವವರು ಸಭೆಯವರಿಂದ ಕಲಿತು ಹಾಡಲಿ. ಕೆಂಪು ಟೋಪಿಯೂ ಇರಲಿ, ನಮ್ಮ ತಕರಾರಿಲ್ಲ.

ಇದಕ್ಕೆ ಬಜೆಟ್ ಅಂತ ಬೇಕಾದ್ದು ಶಹಾಬಾದಿಗೆ ಹೋಗಿ ಬರುವ ರೈಲು ಟಿಕೆಟಿನ ದುಡ್ಡು, ಅಷ್ಟೇ. ಮುಂದಿನ ಕಾರ್ಯಕಾರಿ ಸಭೆಯಲ್ಲಿ ವಿಷಯ ಇಡ್ತೀವಿ. ಬಾವುಟ ಮಡಚೋದಕ್ಕಿಂತ ಮೊದಲೇ ಹೆಸರು ಕೊಡ್ರಿ.