ಕೀಲಿಗೆ ಅಕ್ಷರ ಗೊತ್ತಿಲ್ಲ!

ಕೊಳ್ಳೇಗಾಲ ಎಂದು ಹಾಳೆಯ ಮೇಲೆ ಬರೆದರೆ ನಾಲ್ಕೇ ಅಕ್ಷರ: ಕೊ, ಳ್ಳೇ, ಗಾ, ಲ. ಅದನ್ನೇ 'ನುಡಿ' ಮಾದರಿಯ ಕೀಲಿಮಣೆ ವಿನ್ಯಾಸದಲ್ಲಿ ಮೂಡಿಸಲು 9 ಕೀಲಿಗಳನ್ನು ಒತ್ತಬೇಕು. ಮೂರಕ್ಷರದ ಹನೂರಿಗೆ 5 ಕೀಲಿ, ನಾಲ್ಕಕ್ಷರದ ಯಳಂದೂರಿಗೆ 7. ನಡುನಡುವೆ ಒತ್ತಿ ಹಿಡಿಯುವ ಷಿಫ್ಟ್ ಕೀಲಿ ಈ ಲೆಕ್ಕಕ್ಕೆ ಸೇರಿಲ್ಲ. ಕೀಲಿಯ ಮೇಲೆ ಅಚ್ಚಾಗಿರುವುದು ಇಂಗ್ಲಿಷ್ ಅಕ್ಷರ, ತೆರೆಯ ಮೇಲೆ ಮೂಡುವುದು ಕನ್ನಡ. ಇದು ಹೇಗೆ ಸಾಧ್ಯ?

ಹಳೆಯ ಬೆರಳಚ್ಚು ಯಂತ್ರದಲ್ಲಿ ಇದು ಸಾಧ್ಯವಿರಲಿಲ್ಲ. ಅಲ್ಲಿ ಪ್ರತಿ ಕೀಲಿಗೂ ಒಂದು ಲೋಹದ ಕಡ್ಡಿ, ಕಡ್ಡಿಯ ತುದಿಯಲ್ಲಿ ಅಕ್ಷರದ ಅಚ್ಚು. ಕನ್ನಡಕ್ಕೆ ಬೇರೆ ಯಂತ್ರ, ಇಂಗ್ಲಿಷಿಗೆ ಬೇರೆ ಯಂತ್ರ. ಕಂಪ್ಯೂಟರಿನ ಕೀಲಿಮಣೆಯೊಳಗೆ ಅಕ್ಷರದ ಅಚ್ಚು ಒಂದೂ ಇಲ್ಲ. ಅಲ್ಲಿರುವುದು ಬರೀ ಸ್ವಿಚ್ಚುಗಳು.

ಸಾಮಾನ್ಯ ಕೀಲಿಮಣೆಯಲ್ಲಿ 104 ಕೀಲಿಗಳಿರುತ್ತವೆ. ಒಂದೊಂದಕ್ಕೂ ಪ್ರತ್ಯೇಕ ತಂತಿ ಎಳೆದರೆ ನೂರಕ್ಕೂ ಹೆಚ್ಚು ತಂತಿ ಬೇಕು. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಕೊಳ್ಳೇಗಾಲದ ರೇಷ್ಮೆ ಮಗ್ಗವನ್ನು ಕಂಡವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಮಗ್ಗದಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಕೀಲಿಮಣೆಯಲ್ಲೂ ಹಾಗೆಯೇ 8 ಅಡ್ಡ ಗೆರೆ, 16 ಉದ್ದ ಗೆರೆ ಎಂದಿಟ್ಟುಕೊಳ್ಳಿ. ಗೆರೆಗಳು ಒಟ್ಟು 24. ಅವು ಪರಸ್ಪರ ದಾಟುವ ಜಾಗಗಳು 8×16, ಅಂದರೆ 128. ಒಂದೊಂದು ಜಾಗದಲ್ಲಿ ಒಂದೊಂದು ಕೀಲಿಯನ್ನು ಕೂರಿಸಿದರೆ 104 ಕೀಲಿಗಳಿಗೆ ಧಾರಾಳವಾಗಿ ಸಾಕು.

ಆದರೆ ಬಟ್ಟೆಯ ಎಳೆಗಳಂತೆ ಈ ಗೆರೆಗಳು ಒಂದಕ್ಕೊಂದು ತಾಗಿಕೊಂಡಿರುವುದಿಲ್ಲ. ಕಡಿಮೆ ಬೆಲೆಯ ಕೀಲಿಮಣೆಗಳಲ್ಲಿ ಎರಡು ಪ್ಲಾಸ್ಟಿಕ್ ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಶಾಯಿಯಿಂದ ಗೆರೆಗಳನ್ನು ಮುದ್ರಿಸಿರುತ್ತಾರೆ. ನಡುವೆ ತೂತುಗಳಿರುವ ಮೂರನೆಯ ಹಾಳೆ ಅವೆರಡನ್ನೂ ದೂರವಿಡುತ್ತದೆ. ಕೀಲಿ ಒತ್ತಿದಾಗ ಅದರ ಕೆಳಗಿನ ರಬ್ಬರ್ ಟೊಪ್ಪಿಗೆ ಕುಸಿದು, ಮೇಲಿನ ಹಾಳೆ ತೂತಿನ ಮೂಲಕ ಕೆಳಗಿನದನ್ನು ಮುಟ್ಟುತ್ತದೆ. ಬೆರಳು ತೆಗೆದೊಡನೆ ಟೊಪ್ಪಿಗೆ ಪುಟಿದೇಳುತ್ತದೆ, ಸಂಪರ್ಕ ಕಡಿಯುತ್ತದೆ.

ಸಂಪರ್ಕವಾದದ್ದು ಎಲ್ಲಿ ಎಂದು ಪತ್ತೆ ಹಚ್ಚುವುದು ಕೀಲಿಮಣೆಯಲ್ಲೇ ಇರುವ ಪುಟ್ಟ ಚಿಪ್. ಅದು ಒಂದು ಅಡ್ಡ ಗೆರೆಗೆ ಸಂಜ್ಞೆ ಕೊಟ್ಟು, ಅದು ಯಾವ ಉದ್ದ ಗೆರೆಯಲ್ಲಿ ಹೊರಬಂತು ಎಂದು ನೋಡುತ್ತದೆ. ನಂತರ ಎರಡನೆಯ ಗೆರೆ, ಮೂರನೆಯದು. ರಾತ್ರಿ ಕಾವಲುಗಾರ ಬೀದಿ ಬೀದಿ ಸುತ್ತುವಂತೆ ಈ ಗಸ್ತು ಸೆಕೆಂಡಿಗೆ ನೂರಾರು ಬಾರಿ ನಡೆಯುತ್ತದೆ. ಮನುಷ್ಯನ ಬೆರಳು ಎಷ್ಟೇ ಚುರುಕಾದರೂ ಈ ಗಸ್ತಿನ ಕಣ್ಣು ತಪ್ಪಿಸಲಾರದು.

ಇಲ್ಲಿ ಎರಡು ತೊಡಕುಗಳಿವೆ. ಒಂದು, ಸ್ವಿಚ್ಚಿನ ತುದಿಗಳು ಕೂಡುವಾಗ ನೆಲಕ್ಕೆ ಬಿದ್ದ ಗೋಲಿಯಂತೆ ಕೆಲವು ಬಾರಿ ಪುಟಿಯುತ್ತವೆ. ಹೀಗಾಗಿ ಒಂದೇ ಒತ್ತು ನಾಲ್ಕೈದು ಒತ್ತುಗಳಂತೆ ಕಾಣಬಹುದು. ಆದ್ದರಿಂದ ಚಿಪ್ ಕೆಲವು ಮಿಲಿಸೆಕೆಂಡು ಕಾದು, ಸಂಪರ್ಕ ಸ್ಥಿರವಾಯಿತೇ ಎಂದು ನೋಡಿಕೊಂಡು ಆಮೇಲೆ ಒಪ್ಪುತ್ತದೆ. ಸವೆದ ಕೀಲಿಮಣೆಯಲ್ಲಿ ಒಂದು ಒತ್ತಿಗೆ ಎರಡು ಅಕ್ಷರ ಬೀಳುವುದಕ್ಕೆ ಈ ಪುಟಿತವೂ ಒಂದು ಕಾರಣ. ಎರಡು, ಒಂದು ಆಯತದ ಮೂರು ಮೂಲೆಗಳಲ್ಲಿರುವ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ತು ಸುತ್ತುದಾರಿ ಹಿಡಿದು, ಒತ್ತದೇ ಇರುವ ನಾಲ್ಕನೆಯ ಮೂಲೆಯೂ ಒತ್ತಿದಂತೆ ತೋರುತ್ತದೆ. ಈ 'ದೆವ್ವದ ಕೀಲಿ'ಯನ್ನು ತಡೆಯಲು ದುಬಾರಿ ಕೀಲಿಮಣೆಗಳಲ್ಲಿ ಪ್ರತಿ ಕೀಲಿಗೂ ಒಂದು ಡಯೋಡ್ ಇರುತ್ತದೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವುದು ಡಯೋಡಿನ ಗುಣವಲ್ಲವೇ?

ಇಷ್ಟಾದ ಮೇಲೆ ಕೀಲಿಮಣೆ ಕಂಪ್ಯೂಟರಿಗೆ ಕಳುಹಿಸುವುದು ಅಕ್ಷರವನ್ನಲ್ಲ, ಒಂದು ಸಂಖ್ಯೆಯನ್ನು. ಯುಎಸ್‌ಬಿ ಕೀಲಿಮಣೆಗಳಲ್ಲಿ ಇಂಗ್ಲಿಷಿನ ಎ ಕೀಲಿಗೆ 4, ಬಿ ಕೀಲಿಗೆ 5, ಹೀಗೆ ಎಚ್ ಕೀಲಿಗೆ 11. ಷಿಫ್ಟ್ ಒತ್ತಿದ್ದರೆ ಆ ಸುದ್ದಿ ಪ್ರತ್ಯೇಕವಾಗಿ ಹೋಗುತ್ತದೆ. 11 ಎಂಬುದನ್ನು ಯಾವ ಅಕ್ಷರವೆಂದು ಓದಬೇಕೆಂಬ ತೀರ್ಮಾನ ಕಂಪ್ಯೂಟರಿನ ತಂತ್ರಾಂಶದ್ದು. ಕೆ.ಪಿ. ರಾವ್ ರೂಪಿಸಿದ, ಕರ್ನಾಟಕ ಸರ್ಕಾರ ಒಪ್ಪಿದ 'ನುಡಿ'ಯ ವಿನ್ಯಾಸದಲ್ಲಿ ಅದು 'ಹ'. ಹನೂರಿನ ಮೊದಲ ಅಕ್ಷರ. ಭಾರತೀಯ ಭಾಷೆಗಳಿಗೆಂದೇ ಮಾಡಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ 11 'ಪ' ಆಗುತ್ತದೆ. ಕೀಲಿ ಅದೇ, ಸಂಖ್ಯೆ ಅದೇ, ಓದುವ ಪಟ್ಟಿ ಮಾತ್ರ ಬೇರೆ. ಕನ್ನಡ ಕಲಿಸಲು ಬೇರೆ ಕೀಲಿಮಣೆ ಕೊಳ್ಳಬೇಕೇನೋ ಎಂದು ಚಿಂತಿಸುವ ತಂದೆತಾಯಿಗಳು ನಿಶ್ಚಿಂತೆಯಿಂದ ಇರಬಹುದು.

ಹೀಗೆ ಓದಿದ ಅಕ್ಷರಕ್ಕೆ ಕಂಪ್ಯೂಟರ್ ತನ್ನ ಕಡತದಲ್ಲಿ ಇನ್ನೊಂದು ಸಂಖ್ಯೆ ಕೊಡುತ್ತದೆ. ಇದು ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯವಾದ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಅದರಲ್ಲಿ ಜಾಗ ದೊರೆಯಿತು. 'ಕ' ಎಂದರೆ 3221, 'ಳ' ಎಂದರೆ 3251. ಒತ್ತಕ್ಷರ ಮಾಡಲು ಬೇಕಾದ ಅರ್ಧಾಕ್ಷರದ ಚಿಹ್ನೆಗೆ 3277. 'ನುಡಿ'ಯಲ್ಲಿ ಇದು ಎಫ್ ಕೀಲಿ. 'ಳ್ಳೇ' ಎಂಬ ಒಂದು ಅಕ್ಷರದ ಒಳಗೆ ಳ, ಅರ್ಧಾಕ್ಷರದ ಚಿಹ್ನೆ, ಳ, ಏತ್ವದ ದೀರ್ಘ ಎಂಬ ನಾಲ್ಕು ಸಂಖ್ಯೆಗಳು ಅಡಗಿವೆ.

ಎಚ್ಚರ ಬೇಕಾದದ್ದು ಇಲ್ಲಿಯೇ. ಶಾಲೆಯಲ್ಲಿ ಅನುಸ್ವಾರವನ್ನು ರೂಢಿಯಲ್ಲಿ 'ಸೊನ್ನೆ' ಎನ್ನುತ್ತಾರೆ. ಆ ರೂಢಿಯಿಂದಲೇ ಕೆಲವರು ಯಳಂದೂರು ಎಂದು ಬೆರಳಚ್ಚಿಸುವಾಗ ಷಿಫ್ಟ್ ಜೊತೆ ಎಮ್ ಒತ್ತುವ ಬದಲು ಕನ್ನಡ ಅಂಕಿಯ ಸೊನ್ನೆಯನ್ನೇ ಹಾಕಿಬಿಡುತ್ತಾರೆ. ತೆರೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ದುಂಡಗೆ ಕಾಣುತ್ತವೆ. ಆದರೆ ಅನುಸ್ವಾರದ ಸಂಖ್ಯೆ 3202, ಅಂಕಿ ಸೊನ್ನೆಯದು 3302. ಕಣ್ಣಿಗೆ ಒಂದೇ ಆದ ಹೆಸರು ಕಂಪ್ಯೂಟರಿಗೆ ಎರಡು ಬೇರೆ ಹೆಸರುಗಳು. ನಂಜುಂಡ, ಗಂಗಮ್ಮ, ಚಂದ್ರು ಎಂಬ ಹೆಸರುಗಳ ವಿದ್ಯಾರ್ಥಿಗಳ ಅರ್ಜಿ ಹೀಗೆ ದಾಖಲಾದರೆ, ಮುಂದೊಂದು ದಿನ ಹುಡುಕಿದಾಗ ಅದು ಸಿಗದೇ ಹೋಗಬಹುದು. ಕಡತದಲ್ಲಿ ಹೆಸರಿದೆ, ಆದರೂ ಇಲ್ಲ!

ಇದಕ್ಕೆ ಪರೀಕ್ಷೆ ಸುಲಭ. ಬೆರಳಚ್ಚು ಮುಗಿದ ಮೇಲೆ ಕಡತದ 'ಹುಡುಕು' ಸೌಲಭ್ಯದಲ್ಲಿ ಹೆಸರನ್ನು ಸರಿಯಾದ ಅನುಸ್ವಾರದೊಂದಿಗೆ ಮತ್ತೊಮ್ಮೆ ಬರೆದು ನೋಡಬೇಕು. ಸಿಕ್ಕರೆ ಸರಿ, ಕಣ್ಣೆದುರೇ ಇದ್ದೂ ಸಿಗದಿದ್ದರೆ ಎಲ್ಲೋ ತಪ್ಪು ಕೀಲಿ ಬಿದ್ದಿದೆ ಎಂದೇ ಅರ್ಥ. ಅರ್ಜಿ ಸಲ್ಲಿಸುವ ಮೊದಲೇ ತಿದ್ದಿಕೊಳ್ಳುವುದು ಜಾಣತನ.